ಗಾಜಿನ ಕಾಕ್‌ಪಿಟ್‌ಗೆ ದಾಸರಹಳ್ಳಿಯ ನಮಸ್ಕಾರ

ಸಣ್ಣ ಖಾಸಗಿ ವಿಮಾನ ಸಾಕುವವರನ್ನು ನಮ್ಮ ಟಿ. ದಾಸರಹಳ್ಳಿ ಇಂದಿಗೂ ಸರಿಯಾಗಿ ಅರ್ಥ ಮಾಡಿಕೊಂಡಿಲ್ಲ. ವಿಮಾನ ಇರುವುದು ಹಾರುವುದಕ್ಕೆ ಎಂದೇ ಇಲ್ಲಿಯವರ ನಂಬಿಕೆ. ಪೀಣ್ಯದ ಲೇತ್ ಶೆಡ್ಡಿನಲ್ಲಿ ಪಾಳಿ ಮುಗಿಸಿ ತುಮಕೂರು ರಸ್ತೆ ದಾಟುವ ಜನ, ಪಾಪ, ಇನ್ನೇನು ತಿಳಿದಾರು? ಯಂತ್ರ ಅಂದಮೇಲೆ ಓಡಬೇಕು, ಓಡದಿದ್ದರೆ ಗುಜರಿ. ವಿಮಾನದ ಯಜಮಾನರ ಲೆಕ್ಕ ಅಷ್ಟು ಒರಟಲ್ಲ. ಅವರ ವಿಮಾನ ಇರುವುದು ಅಪ್‌ಗ್ರೇಡ್ ಆಗುವುದಕ್ಕೆ. ನಡುವೆ ಬಿಡುವು ಸಿಕ್ಕರೆ ಹಾರುತ್ತದೆ.

ಈ ತಪಸ್ಸು ಎಂಥದ್ದು ನೋಡಿ. ಸೆಸ್ನಾ 172 ಮಾರುಕಟ್ಟೆಗೆ ಬಂದದ್ದು 1956ರಲ್ಲಿ. ಲೋಕದಲ್ಲಿ ಇದಕ್ಕಿಂತ ಹೆಚ್ಚು ಸಂಖ್ಯೆಯಲ್ಲಿ ತಯಾರಾದ ವಿಮಾನ ಇನ್ನೊಂದಿಲ್ಲ. ಅದರ ಹಳೆಯ ಪ್ಯಾನೆಲ್‌ನಲ್ಲಿ ಆರು ಗುಂಡು ಮೀಟರ್‌ಗಳು: ವೇಗಕ್ಕೊಂದು, ಎತ್ತರಕ್ಕೊಂದು, ದಿಕ್ಕಿಗೊಂದು, ತಿರುವಿಗೊಂದು, ಏರಿಳಿತಕ್ಕೊಂದು, ರೆಕ್ಕೆ ವಾಲಿದೆಯೋ ಇಲ್ಲವೋ ಹೇಳಲು ಇನ್ನೊಂದು. ಇವುಗಳಲ್ಲಿ ಕೆಲವು ತಿರುಗುವುದು ಎಂಜಿನ್‌ಗೆ ಅಂಟಿಕೊಂಡ ಒಂದು ವ್ಯಾಕ್ಯೂಮ್ ಪಂಪಿನ ಕೃಪೆಯಿಂದ. ಅರ್ಧ ಶತಮಾನದಿಂದ ಸಾವಿರಾರು ಜನ ಇವನ್ನೇ ನೋಡಿಕೊಂಡು ಹಾರಿ, ಇಳಿದು, ಮನೆಗೆ ಹೋಗಿ ಊಟ ಮಾಡಿದ್ದಾರೆ. ಇಂಥ ದಾರಿದ್ರ್ಯವನ್ನು ಎಷ್ಟು ದಿನ ಸಹಿಸುವುದು? ಆರೂ ಮೀಟರ್ ಕಿತ್ತು, ಆ ಜಾಗದಲ್ಲಿ ಎರಡು ಗಾರ್ಮಿನ್ ಪರದೆ ಕೂರಿಸಿದರೆ ಅದೇ ಆರು ಸಂಗತಿಗಳು ಬಣ್ಣದಲ್ಲಿ ಕಾಣುತ್ತವೆ. ಪ್ಯಾನೆಲ್‌ನ ಖರ್ಚು ಕೆಲವೊಮ್ಮೆ ವಿಮಾನದ ಬೆಲೆಯನ್ನೇ ಹಿಂದೆ ಹಾಕುತ್ತದೆ. ಹಾಗಾದಾಗ ಯಜಮಾನರು ಪ್ಯಾನೆಲ್ ಕೊಂಡು, ಅದರ ಜೊತೆ ವಿಮಾನವನ್ನೂ ಇಟ್ಟುಕೊಂಡಿದ್ದಾರೆ ಎಂದು ತಿಳಿಯಬೇಕು.

ರೆಕ್ಕೆಯ ಕೆಳಗೆ ಬೆರಳು ಗಾತ್ರದ ಒಂದು ಕೊಳವೆ ಇರುತ್ತದೆ, ಪಿಟೋ ಟ್ಯೂಬ್ ಅಂತ. ಎದುರು ಬರುವ ಗಾಳಿ ಅದರೊಳಗೆ ನುಗ್ಗಿದರೆ ತಾನೆ ವೇಗ ಎಷ್ಟೆಂದು ತಿಳಿಯುವುದು. ತಿಂಗಳುಗಟ್ಟಲೆ ಹ್ಯಾಂಗರಿನಲ್ಲಿ ಸುಮ್ಮನೆ ನಿಂತ ವಿಮಾನಕ್ಕೆ ಕವರ್ ಹಾಕುವುದು ಮರೆತರೆ, ಕಣಜದ ಹುಳ ಬಂದು ಅಲ್ಲಿ ಮಣ್ಣು ಮೆತ್ತಿ ಗೂಡು ಕಟ್ಟುತ್ತದೆ. ಇದು ಪ್ರಪಂಚದ ಎಲ್ಲ ಪೈಲಟ್‌ಗಳಿಗೂ ಗೊತ್ತಿರುವ ತೊಂದರೆ. ಹಳೆಯ ಕಾಲದಲ್ಲಾದರೆ ರನ್‌ವೇಯಲ್ಲಿ ಓಡುವಾಗ ಮುಳ್ಳು ಸೊನ್ನೆಯ ಮೇಲೆ ಮಂಕಾಗಿ ಮಲಗಿರುತ್ತಿತ್ತು. ಈಗ ಅದೇ ಸೊನ್ನೆ ಹತ್ತಿಂಚಿನ ಪರದೆಯ ಮೇಲೆ, ಕಡುಬಿಸಿಲಿನಲ್ಲೂ ಓದುವ ಹಾಗೆ ಹೊಳೆಯುತ್ತದೆ. ಪ್ರಗತಿ ಅಂದರೆ ಇದು.

ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ 2010ರಲ್ಲಿ ಒಂದು ವರದಿ ಪ್ರಕಟಿಸಿ ಈ ಸಂಭ್ರಮಕ್ಕೆ ಹುಳಿ ಹಿಂಡಲು ನೋಡಿತು. 2002ರಿಂದ 2006ರವರೆಗೆ ತಯಾರಾದ ಸಣ್ಣ ವಿಮಾನಗಳನ್ನು ಹೋಲಿಸಿದಾಗ, ಗಾಜಿನ ಕಾಕ್‌ಪಿಟ್, ಅಂದರೆ ಮೀಟರ್ ಬದಲು ಇಂಥ ಪರದೆ ಇದ್ದವುಗಳಲ್ಲಿ ಒಟ್ಟು ಅಪಘಾತದ ದರ ಕಡಿಮೆ, ಆದರೆ ಸಾವು ಸಂಭವಿಸಿದ ಅಪಘಾತಗಳ ದರ ಹೆಚ್ಚು ಎಂದು ಕಂಡುಬಂತಂತೆ. ಪರದೆಯ ಜೊತೆ ತರಬೇತಿಯೂ ಬೇಕು ಎಂದು ಮಂಡಳಿ ಹೇಳಿತು. ತರಬೇತಿಗೆ ಹೋಗಬೇಕೆಂದರೆ ಹಾರಬೇಕು, ಹಾರಿದರೆ ಸೀಟಿನ ಚರ್ಮ ಸವೆಯುತ್ತದೆ. ಇಷ್ಟು ಸಣ್ಣ ವಿಷಯ ಮಂಡಳಿಗೆ ಹೊಳೆಯಲಿಲ್ಲ.

ಸೀಟಿನ ವಿಚಾರಕ್ಕೇ ಬರೋಣ. ನಮ್ಮ ಕಡೆ ಆಟೋದವನೊಬ್ಬ ಮಧ್ಯಾಹ್ನ ಗಾಡಿ ನಿಲ್ಲಿಸಿದರೆ ಸಂಜೆಯೊಳಗೆ ಹೊಸ ರೆಕ್ಸಿನ್, ಎರಡು ಸ್ಪೀಕರ್, ನೀಲಿ ಎಲ್‌ಇಡಿ ಸಾಲು, ಹಿಂದೆ ಒಂದು ಡೈಲಾಗು ಎಲ್ಲ ಮುಗಿಸಿಕೊಂಡು ಬಾಡಿಗೆಗೆ ಹೊರಡುತ್ತಾನೆ. ಆತುರಗಾರ. ವಿಮಾನದ ಸೀಟಿನ ಬಟ್ಟೆ ಬೆಂಕಿಯ ಪರೀಕ್ಷೆಯಲ್ಲಿ ಪಾಸಾಗಬೇಕು, ಮಾರ್ಪಾಡಿಗೆ ವಿಮಾನಯಾನ ನಿಯಂತ್ರಕ ಡಿಜಿಸಿಎ ಒಪ್ಪಿಗೆ ಸಿಗಬೇಕು, ತೂಕ ಬದಲಾದರೆ ಅದನ್ನೂ ದಾಖಲೆಗೆ ಏರಿಸಬೇಕು. 1970ರ ದಶಕದ ಸೆಸ್ನಾ 172 ನೆಲ ಬಿಡುವಾಗ ಹೆಚ್ಚೆಂದರೆ 1,043 ಕಿಲೋ ತೂಗಬಹುದು. ವಿಮಾನ, ಪೆಟ್ರೋಲು, ಮನುಷ್ಯರು, ಚೀಲ ಎಲ್ಲ ಅದರೊಳಗೇ. ದಪ್ಪ ಚರ್ಮ, ದಪ್ಪ ಸ್ಪಂಜು, ಮೊಬೈಲ್ ಚಾರ್ಜರ್, ಕುಡಿಯುವ ನೀರಿಗೊಂದು ಗೂಡು ಎಂದು ಕಿಲೋ ಕಿಲೋ ಸೇರಿಸುತ್ತಾ ಹೋದ ಹಾಗೆ ಕೂರಬಹುದಾದವರ ಸಂಖ್ಯೆ ಇಳಿಯುತ್ತಾ ಬರುತ್ತದೆ. ಕೊನೆಗೆ ನಾಲ್ಕು ಭವ್ಯವಾದ ಸೀಟುಗಳು, ಇಬ್ಬರು ಮನುಷ್ಯರು. ಖಾಲಿ ಸೀಟುಗಳ ಹೊಲಿಗೆಯನ್ನು ಹಿಂತಿರುಗಿ ನೋಡಿ ಆನಂದಿಸಲು ಇಷ್ಟು ಜನ ಸಾಕು.

ಎಂಜಿನ್ ಬಗ್ಗೆ ಕೇಳುವ ಅಸೂಯಾಪರರೂ ಇದ್ದಾರೆ. ಲೈಕಮಿಂಗ್ ಎಂಜಿನ್‌ನಲ್ಲಿ ಕ್ಯಾಮ್‌ಶಾಫ್ಟ್ ಮೇಲ್ಭಾಗದಲ್ಲಿದೆ. ವಿಮಾನ ಹಾರದೆ ನಿಂತರೆ ಎಣ್ಣೆ ಕೆಳಗಿಳಿದು ಅದಕ್ಕೆ ತುಕ್ಕು ಹಿಡಿಯುತ್ತದೆ, ಆದ್ದರಿಂದ ವಾರಕ್ಕೊಮ್ಮೆಯಾದರೂ ಹಾರಿಸಿ ಎಂದು ಮೆಕ್ಯಾನಿಕ್‌ಗಳು ಗೋಗರೆಯುತ್ತಾರೆ. ಆದರೆ ಕ್ಯಾಮ್‌ಶಾಫ್ಟಿನ ಎದುರು ನಿಂತು ಫೋಟೋ ತೆಗೆಸಿಕೊಂಡವರನ್ನು ನೀವು ಕಂಡಿದ್ದೀರಾ?

ಸರ್ಕಾರಕ್ಕೂ ಈ ರುಚಿ ಹತ್ತಿದೆ ಎಂಬುದು ಸಮಾಧಾನದ ಸಂಗತಿ. ಬೆಂಗಳೂರಿನ ಸರ್ಕಾರಿ ವಿಮಾನ ಪ್ರಯೋಗಾಲಯ ಎನ್‌ಎಎಲ್ 1993ರಲ್ಲಿ ಹಾರಿಸಿದ ಎರಡು ಸೀಟಿನ ಹಂಸ, ಗಾಜಿನ ಕಾಕ್‌ಪಿಟ್ ತೊಟ್ಟು ಹಂಸ-ಎನ್‌ಜಿ ಆಗಿ 2021ರ ಸೆಪ್ಟೆಂಬರ್ 3ರಂದು ಎಚ್‌ಎಎಲ್ ನಿಲ್ದಾಣದಿಂದ ಮೇಲೇರಿ, 20 ನಿಮಿಷ ಹಾರಿ ಇಳಿಯಿತು. ಇದನ್ನು ಮಾಡಿದ್ದು ಹಾರಲು ಕಲಿಯುವ ಮಕ್ಕಳಿಗಾಗಿ, ಅಂದರೆ ದಿನವೂ ಹಾರಿಸಲಿಕ್ಕೆ. ಅಷ್ಟರಮಟ್ಟಿಗೆ ಅದು ಶುದ್ಧ ಅಪ್‌ಗ್ರೇಡ್ ಅಲ್ಲ, ಕ್ಷಮಿಸೋಣ. ಅದೇ ವರ್ಷದ ಡಿಸೆಂಬರ್‌ನಲ್ಲಿ ನಮ್ಮ ತಲೆಯ ಮೇಲಿನ ಪೀಣ್ಯ ಮೇಲ್ಸೇತುವೆ ಮುಚ್ಚಿತು. 102 ಮತ್ತು 103ನೇ ಕಂಬಗಳ ನಡುವಿನ ಕೇಬಲ್‌ಗಳು ಕಾಂಕ್ರೀಟಿನ ಒಳಗೇ ದುರ್ಬಲವಾಗಿದ್ದವು. ಕಾರು, ಬೈಕುಗಳಿಗೆ 2022ರ ಫೆಬ್ರುವರಿಯಲ್ಲಿ ದಾರಿ ಬಿಟ್ಟರು. ಲಾರಿ, ಬಸ್ಸುಗಳು 2024ರ ತನಕ ಕೆಳಗೇ ತೆವಳಿದವು. ಕಣ್ಣಿಗೆ ಕಾಣದ ಜಾಗದಲ್ಲಿ ಕೇಬಲ್ ಇಟ್ಟರೆ ಇಷ್ಟೇ ಗತಿ. ಸೇತುವೆಯ ತುದಿಯಲ್ಲಿ ಎರಡು ದೊಡ್ಡ ಪರದೆ ತೂಗುಹಾಕಿದ್ದರೆ ಊರಿಗೆ ಊರೇ ಮೆಚ್ಚುತ್ತಿತ್ತು.

ಹಾಗಂತ ವಿಮಾನಕ್ಕೂ ನಮಗೂ ಸಂಬಂಧವೇ ಇಲ್ಲ ಎನ್ನಬೇಡಿ. ಪೀಣ್ಯದ ಸಿಎನ್‌ಸಿ ಯಂತ್ರಗಳಲ್ಲಿ ವಿಮಾನದ ಬಿಡಿಭಾಗಗಳೂ ತಯಾರಾಗುತ್ತವೆ. ಬಿಳಿ ಕೂಲೆಂಟ್ ಸುರಿಯುವ ಅಲ್ಯೂಮಿನಿಯಂ ತುಂಡನ್ನು ಬಟ್ಟೆಯಲ್ಲಿ ಒರೆಸಿ, ಮೈಕ್ರೋಮೀಟರ್ ಕಚ್ಚಿಸಿ, ಕೂದಲೆಳೆಗಿಂತ ಸಣ್ಣ ವ್ಯತ್ಯಾಸ ಕಂಡರೂ ಆಪರೇಟರ್ ಅದನ್ನು ತೊಟ್ಟಿಗೆ ಎಸೆಯುತ್ತಾನೆ. ಜೋಡಿಸಿ ಮುಚ್ಚಿದ ಮೇಲೆ ಆ ತುಂಡು ಯಾರ ಕಣ್ಣಿಗೂ ಬೀಳುವುದಿಲ್ಲ. ಚರ್ಮದ ಸೀಟು ಹೊಲಿಯುವ ವಿದ್ಯೆ ಕಲಿತಿದ್ದರೆ ಈ ಹುಡುಗ ಇಷ್ಟು ಹೊತ್ತಿಗೆ ಉದ್ಧಾರವಾಗುತ್ತಿದ್ದ.

ಯಜಮಾನರಲ್ಲಿ ಒಂದೇ ವಿನಂತಿ. ಕಿತ್ತ ಹಳೆಯ ಆಲ್ಟಿಮೀಟರ್‌ಗಳನ್ನು ತೂಕಕ್ಕೆ ಹಾಕಬೇಡಿ, ದಾಸರಹಳ್ಳಿಗೆ ಕೊಟ್ಟು ಕಳುಹಿಸಿ. ನಮ್ಮ ಆಟೋಗಳಿಗೆ ಬೇಕು. ಅದಕ್ಕೆ ಕರೆಂಟಿಲ್ಲ, ಸಾಫ್ಟ್‌ವೇರ್ ಇಲ್ಲ, ಚಂದಾ ಕಟ್ಟುವ ಹಾಗಿಲ್ಲ. ಒತ್ತಡವನ್ನು 1013ಕ್ಕೆ ತಿರುಗಿಸಿಟ್ಟರೆ, ಎಂಟನೇ ಮೈಲಿ ಸಿಗ್ನಲ್‌ನಲ್ಲಿ ಒಂದಿಂಚೂ ಅಲ್ಲಾಡದೆ ನಿಂತಾಗಲೂ ಹೆಚ್ಚುಕಡಿಮೆ 3,000 ಅಡಿ ತೋರಿಸುತ್ತದೆ.