ನಲವತ್ತು ಮದುವೆ ಕಂಡ ಕ್ಯಾಮರಾ

ಹೊಸ ಕ್ಯಾಮರಾ ಎನ್ನುವುದು ಅಂಗಡಿಯ ಗಾಜಿನ ಬೀರುವಿನಲ್ಲಿರುವ ತನಕ ಮಾತ್ರ ಹೊಸದು. ಬಿಲ್ಲು ಹರಿದು, ಡಬ್ಬಿ ಕೈಗೆ ಬಂದು, ಮೆಟ್ಟಿಲಿಳಿದು ರಸ್ತೆಗೆ ಕಾಲಿಡುವಷ್ಟರಲ್ಲಿ ಅದು ಸೆಕೆಂಡ್ ಹ್ಯಾಂಡ್. ಅದೇ ಸಂಜೆ ವಾಪಸ್ ಮಾರಲು ಹೋಗಿ ನೋಡಿ, ಬೆಳಿಗ್ಗೆ ಅದನ್ನು ಹಾಡಿ ಹೊಗಳಿದವನೇ ‘ಮಾರ್ಕೆಟ್ ಡಲ್ ಇದೆ ಸಾರ್’ ಎನ್ನುತ್ತಾನೆ. ಆದ್ದರಿಂದ ಆ ಮೆಟ್ಟಿಲಿಳಿಯುವ ಖರ್ಚನ್ನು ಬೇರೆ ಯಾರಾದರೂ ಪುಣ್ಯಾತ್ಮರು ಭರಿಸಲಿ, ನಾನು ಕೆಳಗೆ ರಸ್ತೆಯಲ್ಲೇ ನಿಂತು ಕೊಳ್ಳುತ್ತೇನೆ ಎನ್ನುವುದು ನನ್ನ ವಾದ.

ಮನೆಯಲ್ಲಿ ಈ ವಾದಕ್ಕೆ ಬೆಂಬಲವಿಲ್ಲ. “ಹಳೇ ಕ್ಯಾಮರಾನಾ? ಎಷ್ಟು ಜನ ಅದಕ್ಕೆ ಕಣ್ಣಿಟ್ಟಿರ್ತಾರೋ ಏನೋ. ದೃಷ್ಟಿ ತೆಗೀದೆ ಒಳಗೆ ತರಬೇಡಿ” ಎಂದಳು ನನ್ನಾಕೆ. ಹಾಗಾದರೆ ಹೊಸದೇ ಆಗಲಿ ಎಂದು ನಿಕಾನ್ ಜೆಡ್8ರ ಚಿತ್ರ ತೋರಿಸಿದೆ. 2023ರಲ್ಲಿ ಬಂದದ್ದು, ಬಂದಾಗ ಬೆಲೆ ಮೂರೂವರೆ ಲಕ್ಷದ ಆಸುಪಾಸು, ಅದೂ ಬಾಡಿಗೆ ಮಾತ್ರ. “ಬಾಡಿ ಮಾತ್ರವಾ? ತಲೆ ಬೇರೆ ತಗೋಬೇಕಾ?” ಎಂದಳು. ಲೆನ್ಸ್ ಬೇರೆ ತಗೋಬೇಕು ಎಂದೆ. ಆಮೇಲೆ ಎರಡು ದಿನ ಮನೆಯಲ್ಲಿ ಕ್ಯಾಮರಾದ ಸುದ್ದಿಯೇ ಬರಲಿಲ್ಲ.

ನನಗೆ ಬೇಕಿರುವುದು ಹಕ್ಕಿಗಳಿಗೆ. ತೀರ್ಥಹಳ್ಳಿಯಲ್ಲಿ ಮನೆ, ಶಿವಮೊಗ್ಗದ ದಾರಿ ಹಿಡಿದರೆ ಮಂಡಗದ್ದೆ. ಮಳೆಗಾಲದಲ್ಲಿ ತುಂಗೆಯ ನಡುವಿನ ಮರಗಳ ಮೇಲೆ ಬೆಳ್ಳಕ್ಕಿ, ನೀರುಕಾಗೆಗಳ ಸಂಸಾರ. ಫೋನಿನಲ್ಲಿ ತೆಗೆದರೆ ಅವೆಲ್ಲ ಮರಕ್ಕೆ ಸುಣ್ಣದ ಚುಕ್ಕೆ ಇಟ್ಟಂತೆ ಬರುತ್ತವೆ. ಹಾಗಾಗಿ ಕಣ್ಣು ಬಿದ್ದದ್ದು ನಿಕಾನ್ ಡಿ850ರ ಮೇಲೆ. 2017ರದು. ಅದರದೂ 45.7 ಮೆಗಾಪಿಕ್ಸೆಲ್, ಜೆಡ್8ರದೂ ಅಷ್ಟೇ. ಹಳತಾದ ಮಾತ್ರಕ್ಕೆ ಪಿಕ್ಸೆಲ್ಲುಗಳು ಉದುರಿ ಹೋಗುವುದಿಲ್ಲವಲ್ಲ!

ಹಳೆಯ ಕ್ಯಾಮರಾದ ಪ್ರಾಯವನ್ನು ವರ್ಷದಲ್ಲಿ ಹೇಳುವುದಿಲ್ಲ, ಶಟರ್ ಕೌಂಟಿನಲ್ಲಿ ಹೇಳುತ್ತಾರೆ. ಶಟರು ಎಷ್ಟು ಸಲ ತೆರೆದು ಮುಚ್ಚಿದೆ ಎನ್ನುವ ಲೆಕ್ಕ ಅದು. ಡಿ850ರ ಶಟರನ್ನು ಕಂಪನಿಯವರು 2,00,000 ಸಲಕ್ಕೆ ಪರೀಕ್ಷೆ ಮಾಡಿದ್ದಾರೆ. ಎರಡು ಲಕ್ಷ ಎಂದರೆ ದೊಡ್ಡ ಸಂಖ್ಯೆ ಎಂದು ನಾನೂ ನಂಬಿದ್ದೆ, ಪೆನ್ನು ಹಿಡಿದು ಕೂರುವ ತನಕ. ಅದು ಸೆಕೆಂಡಿಗೆ ಏಳು ಚಿತ್ರ ತೆಗೆಯುತ್ತದೆ. ಮಿಂಚುಳ್ಳಿ ನೀರಿಗೆ ಬೀಳುವಾಗ ಬಟನ್ನಿನಿಂದ ಬೆರಳು ತೆಗೆಯುವವರುಂಟೇ? ಹಾಗೇ ಒತ್ತಿ ಹಿಡಿದೇ ಇದ್ದರೆ ಎರಡು ಲಕ್ಷವೂ ಸುಮಾರು ಎಂಟು ಗಂಟೆಯಲ್ಲಿ ಖರ್ಚು. ಬೆಳಿಗ್ಗೆ ತಿಂಡಿ ತಿಂದು ಶುರುಮಾಡಿದರೆ ಸಂಜೆ ಕಾಫಿಯ ಹೊತ್ತಿಗೆ ಆಯಸ್ಸು ತೀರಿತು. ಇನ್ನೊಂದು ಲೆಕ್ಕ ಇದಕ್ಕಿಂತ ಘೋರ. ಹಾರುವ ಹಕ್ಕಿಗೆ ಸೆಕೆಂಡಿನ ಸಾವಿರದ ಒಂದು ಭಾಗದಷ್ಟೇ ಶಟರು ತೆರೆಯುವುದು. ಅದನ್ನು ಎರಡು ಲಕ್ಷದಿಂದ ಗುಣಿಸಿ: 200 ಸೆಕೆಂಡು. ಲಕ್ಷಗಟ್ಟಲೆ ಸುರಿದು ತಂದ ಪ್ರಾಣಿ ತನ್ನ ಜೀವಮಾನದಲ್ಲಿ ಕಣ್ಣು ಬಿಟ್ಟು ನೋಡುವುದು ಮೂರು ನಿಮಿಷ ಇಪ್ಪತ್ತು ಸೆಕೆಂಡು! ಮೂಡಿಗೆರೆಯ ತೋಟದಲ್ಲಿ ಹಕ್ಕಿಗಳಿಗಾಗಿ ಕಾದು ಕೂರುತ್ತಿದ್ದ ತೇಜಸ್ವಿಯವರ ಕಾಲದಲ್ಲಿ ಒಂದು ರೀಲಿಗೆ 36 ಚಿತ್ರ. ಈಗ ಅದು ಐದು ಸೆಕೆಂಡಿನ ಬಾಬತ್ತು. ಹಕ್ಕಿ ಕತ್ತು ತಿರುಗಿಸುವುದರೊಳಗೆ ರೀಲು ಖಾಲಿ.

ಈ ಲೆಕ್ಕವನ್ನೆಲ್ಲ ಊರಿಂದ ಬಂದಿದ್ದ ಮಾವನ ಮುಂದೆ ಬಿಡಿಸಿಟ್ಟೆ. ಅವರದು ಚಳ್ಳಕೆರೆ ಕಡೆ. ದನದ ಜಾತ್ರೆಯಲ್ಲೇ ಪ್ರಾಯ ಸವೆಸಿದವರು. ಎತ್ತಿನ ಬಾಯಿ ತೆರೆದು ಎರಡು ಹಲ್ಲೋ, ನಾಲ್ಕು ಹಲ್ಲೋ, ಬಾಯಿಗೂಡಿದ್ದೋ ಎಂದು ಕತ್ತಲಲ್ಲೂ ಹೇಳಬಲ್ಲರು. ಶಟರ್ ಕೌಂಟ್ ಅವರಿಗೆ ತಕ್ಷಣ ಅರ್ಥವಾಯಿತು. “ಹಲ್ಲು ಎಣಿಸೋದು ಅನ್ನಿ. ಹಂಗಾರೆ ಆ ಹೊಸಾದಕ್ಕೆ ಎಷ್ಟು ಹಲ್ಲು?” ಎಂದರು. ಜೆಡ್8ಕ್ಕೆ ಸವೆಯುವಂಥ ಯಾಂತ್ರಿಕ ಶಟರೇ ಇಲ್ಲ, ಎಲ್ಲವೂ ಎಲೆಕ್ಟ್ರಾನಿಕ್ ಎಂದೆ. ಮಾವ ಎಲೆಅಡಿಕೆಯನ್ನು ಇನ್ನೊಂದು ದವಡೆಗೆ ಸರಿಸಿದರು. “ಹಲ್ಲೇ ಇಲ್ಲದ ದನ ನಂಬಬ್ಯಾಡ್ರಿ ಅಳಿಯಂದ್ರೇ. ವಯಸ್ಸು ತಿಳಿಯಂಗಿಲ್ಲ.”

ಕ್ಯಾಮರಾ ತಜ್ಞರು ಇದನ್ನು ಕೇಳಿದರೆ ನಗಬಹುದು. ನನಗೆ ಮಾತ್ರ ಮೂರೂವರೆ ಲಕ್ಷ ಉಳಿಯುವ ದಾರಿ ಕಂಡಿತು, ನಗಲಿಲ್ಲ.

ಬಾಡಿ ಹಳೆಯದು ಕೊಳ್ಳಿ, ಲೆನ್ಸಿಗೆ ದುಡ್ಡು ಹಾಕಿ ಎನ್ನುವುದು ಈ ಕಸುಬಿನವರ ಹಳೆಯ ಮಾತು. ಬಾಡಿ ಬೇಗ ಬೆಲೆ ಕಳೆದುಕೊಳ್ಳುತ್ತದೆ, ಒಳ್ಳೆಯ ಲೆನ್ಸ್ ನಾಲ್ಕು ಬಾಡಿಗಳನ್ನು ದಾಟುತ್ತದೆ. ನಿಕಾನ್‌ನವರ ಎಫ್ ಮೌಂಟು 1959ರಿಂದ ಬಂದದ್ದು, ಅದಕ್ಕಾಗಿ ಮಾಡಿದ ಎಷ್ಟೋ ಹಳೆಯ ಲೆನ್ಸುಗಳು ಡಿ850ಕ್ಕೂ ಕೂರುತ್ತವೆ. ಆದರೆ ಹಳೆಯ ಲೆನ್ಸನ್ನು ಎಲ್ಲಿಂದ ತರುವುದು? ನಮ್ಮ ಕಡೆಯದಂತೂ ಬೇಡ. ಪಕ್ಕದ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಮಳೆ. ಜುಲೈನಲ್ಲಿ ಚಪ್ಪಲಿ, ಬೆಲ್ಟು, ಮದುವೆ ಆಲ್ಬಮ್ಮುಗಳ ಜೊತೆ ಲೆನ್ಸಿನ ಗಾಜಿನ ಒಳಮೈಗೂ ಬೂಷ್ಟು ಹಿಡಿಯುತ್ತದೆ. ಟಾರ್ಚ್ ಹಾಯಿಸಿದರೆ ಜೇಡ ಬಲೆ ನೇಯ್ದ ಹಾಗೆ ಕಾಣುತ್ತದೆ. ಇಲ್ಲಿ ಕ್ಯಾಮರಾ ಇಟ್ಟವರು ಸಿಲಿಕಾ ಜೆಲ್ಲಿನ ಪೊಟ್ಟಣಗಳನ್ನು ದಿನಸಿಯ ಹಾಗೆ ತರಿಸುತ್ತಾರೆ. ಉಳ್ಳವರು ಒಳಗಿನ ತೇವವನ್ನು ಶೇಕಡಾ 40–50ರಲ್ಲಿ ಹಿಡಿದಿಡುವ ಡ್ರೈ ಕ್ಯಾಬಿನೆಟ್ ಕೊಳ್ಳುತ್ತಾರೆ. ಆದ್ದರಿಂದ ಲೆನ್ಸಿನ ಮಟ್ಟಿಗೆ ಬಯಲುಸೀಮೆಯ ಸಂಬಂಧವೇ ಆಗಬೇಕೆಂದು ತೀರ್ಮಾನಿಸಿದೆ. ಮಾವನಿಗೆ ಇದು ತುಂಬ ಹಿಡಿಸಿತು. “ನಮ್ಮ ಕಡೆ ಬೂಷ್ಟು ಹಿಡಿಯಾಕೆ ನೀರೆಲ್ಲೈತೆ?” ಎಂದರು.

ಆಷಾಢ ಬಂತು. ಮದುವೆಗಳಿಲ್ಲ, ಫೋಟೋಗ್ರಾಫರುಗಳ ಕೈ ಖಾಲಿ. ಸೀಸನ್ನಿನಲ್ಲಿ ದುಡಿದ ಕ್ಯಾಮರಾಗಳು ಮಾರಾಟಕ್ಕೆ ಬರುವ ಕಾಲ. ದಾವಣಗೆರೆಯ ಸ್ಟುಡಿಯೋ ಹುಡುಗನೊಬ್ಬ ಡಿ850 ಕೊಡುತ್ತಾನೆಂದು ತಿಳಿದು ಮಾವನನ್ನೂ ಕರೆದುಕೊಂಡು ಹೋದೆ. ಅವನೆದುರೇ ಒಂದು ಫೋಟೋ ತೆಗೆದು ಲ್ಯಾಪ್‌ಟಾಪಿಗೆ ಹಾಕಿದೆ. ನಿಕಾನ್ ತನ್ನ ಲೆಕ್ಕವನ್ನು ಚಿತ್ರದ ಕಡತದಲ್ಲೇ ಬರೆದಿಡುತ್ತದೆ. ಒಂದು ಲಕ್ಷದ ಇಪ್ಪತ್ತು ಸಾವಿರ ಚಿಲ್ಲರೆ. ಮದುವೆಗೆ ಮೂರು ಸಾವಿರ ಹಿಡಿದರೂ ನಲವತ್ತು ಮದುವೆ. ನಲವತ್ತು ಸಲ ಅಕ್ಷತೆ ಬೀಳುವುದನ್ನು ನೋಡಿದ ಯಂತ್ರಕ್ಕೆ ನೀರುಕಾಗೆ ರುಚಿಸೀತೇ ಎಂಬ ಅನುಮಾನ ಬಂದದ್ದು ನಿಜ. ಅಪರ್ಚರನ್ನು ಪೂರ್ತಿ ಕಿರಿದು ಮಾಡಿ ಆಕಾಶದ ಚಿತ್ರ ತೆಗೆದೆ, ಸೆನ್ಸರಿನ ಮೇಲೆ ಧೂಳಿದ್ದರೆ ಕಪ್ಪು ಚುಕ್ಕೆಯಾಗಿ ಕಾಣುತ್ತದೆ. ಎರಡು ಚುಕ್ಕೆ. ಬಿಲ್ಲಿನ ಸೀರಿಯಲ್ ನಂಬರನ್ನು ಬಾಡಿಯ ಅಡಿಯ ನಂಬರಿನೊಂದಿಗೆ ತಾಳೆ ನೋಡಿದೆ. ಬಿಲ್ಲಿಲ್ಲದ ಕ್ಯಾಮರಾ ಎಷ್ಟೇ ಸೋವಿಯಾದರೂ ಬೇಡ, ನಾಳೆ ಪೊಲೀಸರಿಗೆ ಉತ್ತರ ಹೇಳುವವರು ಯಾರು? ಅಷ್ಟರಲ್ಲಿ ಮಾವ ಕ್ಯಾಮರಾವನ್ನು ತಿರುಗಿಸಿ ಮುರುಗಿಸಿ ಸುಳಿ ನೋಡುತ್ತಿದ್ದರು.

“ಯಾಕೆ ಮಾರ್ತಿದೀಯ ತಮ್ಮಾ? ಒದೆಯುತ್ತೇನು?”

“ಇಲ್ಲ ಯಜಮಾನ್ರೇ, ಮಿರರ್‌ಲೆಸ್ ತಗೋತಿದೀನಿ. ಬೆಂಗಳೂರಲ್ಲಿ ಸಾಫ್ಟ್‌ವೇರ್‌ನೋರೊಬ್ರು ಹೊಸದಾಗಿ ತಗೊಂಡು, ಕಬಿನಿಗೆ ನಾಲ್ಕು ಸಲ ಹೋಗಿ ಬೇಜಾರಾಗಿ ಮಾರ್ತಿದಾರೆ. ಎಂಟು ಸಾವಿರಾನೂ ಹೊಡೆದಿಲ್ಲ.”

“ನೀನೂ ಹಳೇದೇ ತಗೊಳ್ಳೋದಾ?”

“ಹೊಸದು ತಗೊಂಡ್ರೆ ಬಡ್ಡಿ ಯಾರು ಕಟ್ತಾರೆ?”

ಮಾವ ನನ್ನ ಕಡೆ ನೋಡಿ ತಲೆಯಾಡಿಸಿದರು. ಹುಡುಗ ಹೇಳಿದ ಬೆಲೆಗೆ ನಾನು ಬಾಯಿ ತೆರೆಯುವ ಮೊದಲೇ, ಹೆಗಲಿನ ಟವೆಲ್ ತೆಗೆದು ಬಲಗೈ ಮೇಲೆ ಹೊದ್ದುಕೊಂಡು ಅವನ ಮುಂದೆ ಚಾಚಿದರು. ಜಾತ್ರೆಯಲ್ಲಿ ರೇಟನ್ನು ಬಾಯಲ್ಲಿ ಹೇಳುವುದಿಲ್ಲ. ಟವೆಲ್ಲಿನ ಅಡಿ ಒಬ್ಬರ ಬೆರಳು ಒಬ್ಬರು ಹಿಡಿದು ಮುಗಿಸುತ್ತಾರೆ. ಸ್ಟುಡಿಯೋ ಹುಡುಗನಿಗೆ ಅದೆಲ್ಲಿ ಗೊತ್ತು? ಒಂದು ಗಳಿಗೆ ಟವೆಲ್ಲನ್ನೂ ಮಾವನ ಮುಖವನ್ನೂ ನೋಡಿ, “ಪರವಾಗಿಲ್ಲ ಯಜಮಾನ್ರೇ, ಬ್ಯಾಗೂ ಫ್ರೀಯಾಗೇ ಕೊಡ್ತೀನಿ” ಎನ್ನುತ್ತಾ ಕ್ಯಾಮರಾವನ್ನು ಟವೆಲ್ಲಿನೊಳಗೆ ಇಟ್ಟುಬಿಟ್ಟ.