ಅಡುಗೆಮನೆಯ ತೀರ್ಥೋದ್ಭವ

ಮಡಿಕೇರಿಯಲ್ಲಿ ಕೂತು ಜುಲೈ ತಿಂಗಳಲ್ಲಿ ನೀರಿಲ್ಲ ಅಂದರೆ ಯಾರೂ ನಂಬುವುದಿಲ್ಲ. ಇಲ್ಲಿ ಬೆಳಿಗ್ಗೆ ಎದ್ದವರು ಒಬ್ಬರಿಗೊಬ್ಬರು ಕೇಳುವುದೇ 'ನಿಮ್ಮಲ್ಲಿ ಎಷ್ಟಾಯ್ತು?' ಎಂದು. ಕಾಫಿ ತೋಟದವರು ಮಿಲಿಮೀಟರನ್ನು ಇನ್ನೂ ಮನೆಯೊಳಗೆ ಸೇರಿಸಿಲ್ಲ. ಉತ್ತರ ಬರುವುದು ಇಂಚು, ಸೆಂಟ್ ಲೆಕ್ಕದಲ್ಲೇ. 'ಮೂರು ಇಂಚು ನಲವತ್ತು ಸೆಂಟ್' ಎಂದು ಎದುರುಮನೆಯ ಹಿರಿಯರು ತಾವೇ ಸುರಿಸಿದ ಗತ್ತಿನಲ್ಲಿ ಹೇಳುತ್ತಾರೆ. ಗೋಡೆ ಬೆವರಿ, ಬೆಲ್ಟಿಗೆ ಬೂಸ್ಟು ಹಿಡಿದು, ಒಣಹಾಕಿದ ಬನಿಯನ್ ವಾರಗಟ್ಟಲೆ ಒದ್ದೆಯಾಗಿಯೇ ಇರುವ ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ನೀರು ಬಾರದ ಜಾಗ ಒಂದೇ ಒಂದು: ಅಡುಗೆಮನೆಯ ನಲ್ಲಿ.

ಬರುತ್ತಲೇ ಇರಲಿಲ್ಲ ಅಂದರೆ ಸುಳ್ಳಾದೀತು. ತುಲಾ ಸಂಕ್ರಮಣದ ದಿನ ತಲಕಾವೇರಿಯ ಬ್ರಹ್ಮಕುಂಡಿಕೆಯಲ್ಲಿ ಗುಳುಗುಳು ಎಂದು ಒಂದಿಷ್ಟು ಉಕ್ಕುತ್ತದಲ್ಲ, ಹಾಗೆ ಬರುತ್ತಿತ್ತು. ಅದನ್ನು ನೋಡಲು ಜನ ರಾತ್ರಿಯೆಲ್ಲ ಚಳಿಯಲ್ಲಿ ಕಾಯುತ್ತಾರೆ. ನನ್ನ ಹೆಂಡತಿ ಕಾಯುವ ಪೈಕಿ ಅಲ್ಲ. "ಅಲ್ಲಿ ಅಕ್ಟೋಬರಿಗೊಂದು ಸಲ ತೀರ್ಥೋದ್ಭವ. ಇಲ್ಲಿ ಅಕ್ಕಿ ತೊಳೆಯೋವಾಗೆಲ್ಲ" ಅಂದಳು.

ನಾನು ಶಾಸ್ತ್ರೋಕ್ತವಾಗಿ ಅಳತೆಗೆ ಇಳಿದೆ. ಒಂದು ಲೀಟರಿನ ಚೊಂಬು, ಒಂದು ಕೈಗಡಿಯಾರ. ತುಂಬಲು ನಲವತ್ತು ಸೆಕೆಂಡು, ಅಂದರೆ ನಿಮಿಷಕ್ಕೆ ಒಂದೂವರೆ ಲೀಟರ್. ಇದನ್ನು ಕ್ಯಾಲೆಂಡರಿನ ಹಿಂದೆ ಬರೆದು, ಕೆಳಗೆ ಗೆರೆ ಎಳೆದು, ಎಲ್ಲರಿಗೂ ತೋರಿಸಲು ತಿರುಗುವಷ್ಟರಲ್ಲಿ ಅಮ್ಮ ಮಾಡಿನ ಅಂಚಿಗೆ ಹಂಡೆ ಇಟ್ಟು, ಅದು ತುಂಬಿ, ಪಾತ್ರೆಯೆಲ್ಲ ತೊಳೆದು ಕವುಚಿ ಹಾಕಿ ಆಗಿತ್ತು. ಅದಕ್ಕೆ ನಾನು ಮಹತ್ವ ಕೊಡಲಿಲ್ಲ.

ಮನೆಯಲ್ಲಿ ಎರಡು ಪಕ್ಷಗಳಾದವು. 'ಹೊಸದು ಹಾಕಿಸಿ' ಎಂಬ ಆಡಳಿತ ಪಕ್ಷ, 'ರಿಪೇರಿ ಮಾಡುವ' ಎಂಬ ಏಕಸದಸ್ಯ ವಿರೋಧ ಪಕ್ಷ. ನಿಮ್ಮ ಮನೆಯಲ್ಲೂ ಹೀಗೇ ಎಂದು ನನಗೆ ಗೊತ್ತು. ಮಿಕ್ಸಿ ಇರಲಿ, ಇಸ್ತ್ರಿಪೆಟ್ಟಿಗೆ ಇರಲಿ, ಹಳೇದನ್ನು ಇಟ್ಕೊಂಡು ಎಂತ ಮಾಡೋದು ಎಂದು ಅವರು ಕೇಳುವಾಗ ನಮ್ಮ ಕಡೆ ನೋಡಿಯೇ ಕೇಳುತ್ತಾರೆ. ಹಾಗಾಗಿ ನಾವು ಹಳೆಯ ಸಾಮಾನಿನ ಪರ ವಾದಿಸುವುದು ಒಂದು ಬಗೆಯ ಜೀವರಕ್ಷಣೆ.

ನಮ್ಮದು ಗೋಡೆಗೆ ಕೂರಿಸಿದ, ಉದ್ದ ಮೂತಿಯ ಹಿತ್ತಾಳೆ ನಲ್ಲಿ. ತಿರುಪು ತಿರುಗಿಸಿದರೆ ಒಳಗಿನ ಸ್ಪಿಂಡಲ್ ಮೇಲೇಳುತ್ತದೆ, ಅದರ ಬುಡದ ರಬ್ಬರ್ ವಾಷರ್ ತೂತು ಬಿಟ್ಟುಕೊಡುತ್ತದೆ, ನೀರು ಬರುತ್ತದೆ. "ಇಷ್ಟು ಸರಳವಾದ ಯಂತ್ರ ಇನ್ನೊಂದಿಲ್ಲ. ಇಂಗ್ಲೆಂಡಿನಲ್ಲಿ ಇದಕ್ಕೆ ಪೇಟೆಂಟ್ ಸಿಕ್ಕಿದ್ದು 1845ರಲ್ಲಿ, ಗೊತ್ತುಂಟಾ?" ಎಂದೆ.

"ಹಾಗಾದ್ರೆ ಇದು ಅದೇ ಇರ್ಬೇಕು" ಅಂದಳು.

ಮೊದಲ ಆರೋಪಿ ನಲ್ಲಿಯ ಮೂತಿಯಲ್ಲೇ ಇದ್ದ. 2024ರ ಮಾರ್ಚ್‌ನಲ್ಲಿ ಬೆಂಗಳೂರಿಗೆ ನೀರಿನ ಬರ ಬಂದಾಗ ಅಲ್ಲಿನ ಜಲಮಂಡಳಿ ಮಾಲ್, ಹೋಟೆಲ್ ಮುಂತಾದ ಕಡೆ ನಲ್ಲಿಗಳಿಗೆ ಏರೇಟರ್ ಕಡ್ಡಾಯ ಮಾಡಿತಲ್ಲ, ಆಗ ಅಲ್ಲಿರುವ ನನ್ನ ಭಾವಮೈದುನನಿಗೆ ಅದರ ಮೇಲೆ ಭಕ್ತಿ ಹುಟ್ಟಿತು. ಏರೇಟರ್ ಅಂದರೆ ಹೆಬ್ಬೆರಳಿನ ಗಾತ್ರದ ಜಾಲರಿ. ನೀರಿಗೆ ಗಾಳಿ ಬೆರೆಸಿ, ಕಡಿಮೆ ನೀರನ್ನೇ ಹೆಚ್ಚು ಎಂದು ಕೈಗೆ ನಂಬಿಸುತ್ತದೆ. ಊರಿಗೆ ಬಂದವನು ನಮಗೂ ಒಂದು ತಂದು, ಅಡಾಪ್ಟರ್ ಸಮೇತ ತಾನೇ ತಿರುಗಿಸಿ ಹಾಕಿ, "ನೋಡಿ ಭಾವ, ಎಷ್ಟು ಸಾಫ್ಟ್!" ಎಂದಿದ್ದ. ಕಾವೇರಿ ಹುಟ್ಟುವ ಜಿಲ್ಲೆಗೆ ಕಾವೇರಿ ಉಳಿಸುವ ಸಾಮಾನು ಬೆಂಗಳೂರಿನಿಂದ ಬರಬೇಕಾಯಿತು. ಹಾಗೆಂದು ನಾವು ಜಂಭ ಪಡುವಂತಿಲ್ಲ. ಏಪ್ರಿಲ್ ಬಂದರೆ ಹೂಮಳೆ ಕಾಣದೆ ನಾವೂ ಆಕಾಶ ನೋಡುವವರೇ.

ಬಟ್ಟೆ ಸುತ್ತಿ ತಿರುಗಿಸಿದರೆ ಏರೇಟರ್ ಕೈಗೆ ಬಂತು. ಒಳಗೆ ಕೆಂಪು ಮಣ್ಣು, ಸಾಸಿವೆ ಗಾತ್ರದ ಮರಳು, ಪೈಪು ಕೊಯ್ದಾಗ ಉದುರಿದ ಪಿವಿಸಿ ಚೂರು, ಗುರುತಿಸಲಾಗದ ಒಂದು ಜೀವಿಯ ಕಾಲು. ಮೊಬೈಲಿನ ವಿಡಿಯೋದಲ್ಲಿ ಒಬ್ಬ ಇದನ್ನು ವಿನೆಗರಿನಲ್ಲಿ ನೆನೆಸು ಎಂದ. ಮನೆಯಲ್ಲಿ ವಿನೆಗರ್ ಇರಲಿಲ್ಲ. ಕಾಚಂಪುಳಿ ಇತ್ತು.

ಕೊಡಗಿನವರಿಗೆ ಈ ವಾಕ್ಯ ಓದುತ್ತಲೇ ಎದೆ ಧಸಕ್ ಎಂದಿರುತ್ತದೆ. ಹೊರಗಿನವರಿಗಾಗಿ ಹೇಳುತ್ತೇನೆ: ಹಣ್ಣಿನಿಂದ ಸೋರಿ ಇಳಿದ ರಸವನ್ನು ಕುದಿಸಿ ಕುದಿಸಿ ಕಪ್ಪು ಪಾಕಕ್ಕೆ ತಂದ ಹುಳಿ ಅದು. ಹಂದಿ ಸಾರಿಗೆ ಬೀಳುವುದು ಒಂದೆರಡು ಚಮಚ. ಅದಿಲ್ಲದ ಸಾರನ್ನು ಇಲ್ಲಿ ಯಾರೂ ಸಾರೆಂದು ಒಪ್ಪುವುದಿಲ್ಲ. ನಮ್ಮ ಬಾಟಲಿ ಹೆಂಡತಿಯ ತವರಿನಿಂದ ಬಂದದ್ದು, ಕಪಾಟಿನ ಒಳಮೂಲೆಯಲ್ಲಿ ಒಡವೆಯ ಮರ್ಯಾದೆಯಲ್ಲಿ ಇದ್ದದ್ದು. ನಾನು ಲೋಟಕ್ಕೆ ಧಾರಾಳವಾಗಿ ಬಗ್ಗಿಸಿ ಏರೇಟರನ್ನು ಮುಳುಗಿಸಿಟ್ಟೆ.

ಅಂದು ಆಗಸ್ಟ್ 3, ಕಕ್ಕಡ ಹದಿನೆಂಟು. ಮದ್ದು ಸೊಪ್ಪಿನ ಪಾಯಸಕ್ಕೆಂದು ಮಾವನವರು ಬಂದಿದ್ದರು. ಅವರು ಬರುವುದರೊಳಗೆ ನಲ್ಲಿ ಸರಿಮಾಡಿ ತೋರಿಸಬೇಕೆಂಬ ಆಸೆಯಲ್ಲಿ ಏರೇಟರನ್ನು ಲೋಟದಿಂದ ತೆಗೆದವನೇ ಹಾಗೇ ತಿರುಗಿಸಿ ಹಾಕಿಬಿಟ್ಟೆ. ಮೊದಲ ಚೊಂಬು ನೀರು ಕಾಫಿಯ ಹಾಲಿಗೆ ಹೋಯಿತು. ಹಾಲು ಒಡೆಯಿತು. ಮಾವನವರು ಲೋಟದೊಳಗಿನ ಗಸಿಯನ್ನು ಬಹಳ ಹೊತ್ತು ನೋಡಿ, "ಪರವಾಗಿಲ್ಲ, ಪಾಯಸವೇ ಸಾಕು" ಎಂದರು. ಆಮೇಲೆ ಬಾಟಲಿ ಎತ್ತಿ ಬೆಳಕಿಗೆ ಹಿಡಿದು ನೋಡಿದರು. ಏನೂ ಮಾತಾಡಲಿಲ್ಲ. ಮಾತಾಡಿದ್ದರೆ ಚೆನ್ನಾಗಿತ್ತು.

ಪಿಯುಸಿ ಓದುವ ಮಗಳು ಗಾಯದ ಮೇಲೆ ರಸಾಯನಶಾಸ್ತ್ರ ಸುರಿದಳು. "ಅಪ್ಪಾ, ಹುಳಿಗೆ ಸುಣ್ಣ ಕರಗ್ತದೆ, ಮರಳು ಕರಗ್ತದಾ? ನಮ್ಮ ಗುಡ್ಡದ ನೀರಲ್ಲಿ ಸುಣ್ಣವೇ ಕಡಿಮೆ. ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿದ್ರೆ ಸಾಕಿತ್ತು." ಉಜ್ಜಿದಳು. ಮರಳೆಲ್ಲ ಬಿತ್ತು. ನೀರು ಮಾತ್ರ ಕೂದಲೆಳೆಯಷ್ಟು ಹೆಚ್ಚಿತು.

ಹಾಗಾದರೆ ತಪ್ಪು ನಲ್ಲಿಯ ಹೊಟ್ಟೆಯಲ್ಲಿದೆ ಎಂದು ತೀರ್ಮಾನಿಸಿದೆ. ಬಚ್ಚಲಿನ ನಲ್ಲಿಯಲ್ಲಿ ನೀರು ಜೋರಾಗಿಯೇ ಬರುತ್ತಿತ್ತಾದ್ದರಿಂದ ಟ್ಯಾಂಕಿನದ್ದಲ್ಲ, ಪೈಪಿನದ್ದಲ್ಲ. ಈ ತರ್ಕ ನೂರಕ್ಕೆ ನೂರು ಸರಿ ಎಂದು ಆಮೇಲೆ ಪ್ಲಂಬರ್ ಕೂಡ ಒಪ್ಪಿದ್ದಾನೆ; ನನ್ನ ಕಡೆ ಇರುವ ಏಕೈಕ ಸರ್ಟಿಫಿಕೇಟಾದ್ದರಿಂದ ಇಲ್ಲಿ ದಾಖಲಿಸುತ್ತಿದ್ದೇನೆ. ಮಳೆಕೋಟು ಹಾಕಿ ಮೇಲೆ ಹತ್ತಿ, ಟ್ಯಾಂಕಿನ ಬುಡದಲ್ಲಿದ್ದ ಗೇಟ್ ವಾಲ್ವ್ ಬಿಗಿಯಾಗಿ ಮುಚ್ಚಿ, ಇಳಿದು ಬಂದು ಪೈಪ್ ಪಾನ ಹಿಡಿದು ಸ್ಪಿಂಡಲ್ ತಿರುಗಿಸಿದೆ. ಅಲ್ಲಿ ವಾಲ್ವುಗಳು ಎರಡಿದ್ದವು. ನಾನು ಮುಚ್ಚಿದ್ದು ಬಚ್ಚಲಿನದ್ದು. ತಲೆಗೆ ಶಾಂಪೂ ಹಚ್ಚಿಕೊಂಡಿದ್ದ ಮಗಳು ಆ ಕಡೆಯಿಂದ "ಅಪ್ಪಾ!" ಎಂದು ಕಿರುಚಿದ್ದೂ, ಈ ಕಡೆ ಸ್ಪಿಂಡಲ್ ಹಾರಿ ನೀರು ಸೂರಿಗೆ ಬಡಿದದ್ದೂ ಒಂದೇ ಗಳಿಗೆಯಲ್ಲಿ. ಹೊರಗೆ ಮಳೆ, ಒಳಗೆ ಮಳೆ. ಅಮ್ಮ ಕೊಡೆ ಬಿಚ್ಚಿಕೊಂಡು ಅಡುಗೆಮನೆಗೆ ಬಂದು, ಒಲೆಯ ಮೇಲಿದ್ದ ಅನ್ನದ ಪಾತ್ರೆಯನ್ನು ಕೊಡೆಯ ಕೆಳಗೆ ಎತ್ತಿಕೊಂಡು ಹೋದರು. ನನ್ನನ್ನು ಕೊಡೆಯೊಳಗೆ ಕರೆಯಲಿಲ್ಲ.

"ನಲ್ಲಿ ಇಲ್ಲದಿದ್ರೆ ಎಷ್ಟು ಚೆನ್ನಾಗಿ ಬರ್ತದೆ ನೋಡಿ" ಅಂದಳು ಹೆಂಡತಿ.

ಹಾರ್ಡ್‌ವೇರ್ ಅಂಗಡಿಯಲ್ಲಿ ವಾಷರ್ ಹತ್ತು ರೂಪಾಯಿ. ಗಟ್ಟಿಮುಟ್ಟಾಗಿ ಇರಲೆಂದು ಒಂದರ ಮೇಲೊಂದು ಎರಡು ಹಾಕಿದೆ. ಅಲ್ಲಿಗೆ ನಲ್ಲಿ ಪೂರ್ತಿ ಮೌನವ್ರತ ಹಿಡಿಯಿತು. ಆಡಳಿತ ಪಕ್ಷ ಪರ್ಸಿನಿಂದ ದುಡ್ಡು ತೆಗೆದು ಮೇಜಿನ ಮೇಲಿಟ್ಟಿತು.

ಮತ್ತೆ ಅದೇ ಅಂಗಡಿ. "ಎಂತ ಸಾರ್, ಗೋಡೆಗಾ, ಸಿಂಕಿನ ಮೇಲಕ್ಕಾ?" "ಗೋಡೆಗೆ." "ಅರ್ಧ ಇಂಚಾ?" "ಹೌದು" ಎಂದೆ, ಗೊತ್ತಿದ್ದವನ ಧ್ವನಿಯಲ್ಲಿ. ಆತ ತೋರಿಸಿದ್ದು ಹಂಸದ ಕತ್ತಿನ, ಫಳಫಳ ಹೊಳೆಯುವ ಸ್ವಾನ್ ನೆಕ್. ಒಳಗೆ ವಾಷರ್ ಇಲ್ಲವಂತೆ, ಸೆರಾಮಿಕ್ ಬಿಲ್ಲೆಗಳಂತೆ. ಕಾಲು ಸುತ್ತು ತಿರುಗಿಸಿದರೆ ಮುಗಿಯಿತಂತೆ. ನೀರು ನೊರೆನೊರೆಯಾಗಿ ಬೀಳುತ್ತದಂತೆ. ಸಾವಿರದ ಎಂಟುನೂರು. ಅದರ ಹೊಳಪಿನಲ್ಲಿ ನನ್ನ ಮುಖ ಸ್ವಲ್ಪ ಉದ್ದವಾಗಿ, ಗಾಂಭೀರ್ಯದಿಂದ ಕಾಣುತ್ತಿತ್ತು. ಕೊಂಡೆ.

ಟೆಫ್ಲಾನ್ ಟೇಪ್ ಸುತ್ತಿ ಕೂರಿಸಿ, ಎಲ್ಲರನ್ನೂ ಕರೆದು ನಿಲ್ಲಿಸಿ ತಿರುಗಿಸಿದೆ. ಹಂಸ ಕತ್ತು ಬಗ್ಗಿಸಿ, ಬಹಳ ಯೋಚಿಸಿ, ಒಂದು ಎಳೆ ನೀರನ್ನು ಕೆಳಗೆ ಬಿಟ್ಟಿತು. ಚೊಂಬು ಹಿಡಿದ ಮಗಳು ಗಡಿಯಾರ ನೋಡಿ, "ಒಂದು ನಿಮಿಷ ಆಗ್ಲಿಕ್ಕೆ ಬಂತಪ್ಪಾ" ಎಂದಳು. ಹಳೆಯದೇ ಚುರುಕಾಗಿತ್ತು.

ಪ್ಲಂಬರ್ ಹುಡುಗ ಬಂದವನು ನಲ್ಲಿಯನ್ನು ನೋಡಲೇ ಇಲ್ಲ. ಹಿತ್ತಿಲಿಗೆ ಹೋಗಿ ತಲೆಯೆತ್ತಿ ಟ್ಯಾಂಕ್ ನೋಡಿದ. "ಸಾರ್, ಇದು ಪ್ರೆಷರಿನ ನಲ್ಲಿ. ನಿಮ್ಮ ಟ್ಯಾಂಕು ಎಷ್ಟು ಎತ್ತರ ಉಂಟು?" ಸಿಂಕಿನಿಂದ ಲೆಕ್ಕ ಹಾಕಿದರೆ ಮೂರು ಮೀಟರ್. ಹತ್ತು ಮೀಟರ್ ಮೇಲೆ ನಿಂತ ನೀರಿಗೆ ಹೆಚ್ಚೂಕಮ್ಮಿ ಒಂದು ಬಾರ್ ಒತ್ತಡ ಬರುವುದು. ಮೂರಕ್ಕೆ ಅದರ ಮೂರನೇ ಒಂದು ಪಾಲೂ ಇಲ್ಲ. ಈ ನೊರೆ ನಲ್ಲಿಯ ಮೂತಿಯೊಳಗೇ ಏರೇಟರ್ ಕೂತಿರುತ್ತದೆ, ಅದಕ್ಕೆ ಹಿಂದಿನಿಂದ ನೂಕು ಬೇಕು. "ಟ್ಯಾಂಕಿಗೆ ಕಬ್ಬಿಣದ ಸ್ಟ್ಯಾಂಡ್ ಮಾಡಿ ಎತ್ತರಿಸಬಹುದು. ಇಲ್ಲಾಂದ್ರೆ ಒಂದು ಪ್ರೆಷರ್ ಪಂಪ್ ಇಡುವ" ಎಂದು ಅಂದಾಜು ಖರ್ಚು ಹೇಳಿದ. ನಾನು ಗೋಡೆ ಹಿಡಿದುಕೊಂಡೆ. ಗೋಡೆ ಒದ್ದೆಯಾಗಿತ್ತು.

ಮಡಿಕೇರಿ ಸಮುದ್ರಮಟ್ಟದಿಂದ ಸಾವಿರದ ನೂರು ಮೀಟರಿಗೂ ಮೇಲಿದೆ. ನಮ್ಮ ಬೆಟ್ಟದಿಂದ ಇಳಿದು ಹೋದ ಕಾವೇರಿಯನ್ನು ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರ, ಐನೂರು ಮೀಟರಿನಷ್ಟು ಎತ್ತರಕ್ಕೆ ನೂಕಿ ಬೆಂಗಳೂರಿಗೆ ಒಯ್ಯುತ್ತಾರೆ. 2024ರ ಅಕ್ಟೋಬರ್ 16ರಂದು, ಸಂಕ್ರಮಣದ ಮುನ್ನಾದಿನವೇ, ಐದನೇ ಹಂತವೂ ಉದ್ಘಾಟನೆಯಾಗಿ ದಿನಕ್ಕೆ ಇನ್ನೂ 775 ದಶಲಕ್ಷ ಲೀಟರ್ ಹತ್ತಿಸುವ ಏರ್ಪಾಡಾಯಿತು. ಇಷ್ಟೆಲ್ಲ ಎತ್ತುವ ರಾಜ್ಯದಲ್ಲಿ ನನ್ನ ಸಿಂಕಿಗೆ ಏಳು ಮೀಟರ್ ಕಡಿಮೆ ಬಿತ್ತು.

ಹುಡುಗ ಹಳೆಯ ಹಿತ್ತಾಳೆ ನಲ್ಲಿಯನ್ನು ಕಸದ ಬುಟ್ಟಿಯಿಂದ ಎತ್ತಿ ಅಂಗೈಯಲ್ಲಿ ತೂಗಿದ. "ಇಷ್ಟು ಭಾರದ ಮಾಲು ಈಗ ಎಲ್ಲಿ ಸಿಗ್ತದೆ ಸಾರ್?" ಎಂದ. ನಾನು ಹೆಂಡತಿಯ ಕಡೆ ನೋಡಿದೆ. ಅವಳು ಕಿಟಕಿಯ ಕಡೆ ನೋಡಿದಳು. ಸ್ಪಿಂಡಲ್ ಬಿಚ್ಚಿ, ನನ್ನ ಜೋಡಿ ವಾಷರ್ ಕಿತ್ತು, ಅವುಗಳ ಅಡಿಯಲ್ಲಿ ಮೊದಲಿನ ವಾಷರ್ ಕಳಚಿ, ಉಬ್ಬಿ, ತೂತಿನ ಮೇಲೇ ಮಲಗಿದ್ದುದನ್ನು ಉಗುರಿನಲ್ಲಿ ಕೆದಕಿ ತೆಗೆದ. ಬಿಚ್ಚಿದಾಗ ನಾನು ಮೇಲಿಂದ ಬಗ್ಗಿ ನೋಡಿದ್ದೆ. ಅದನ್ನು ನಲ್ಲಿಯದೇ ಭಾಗ ಎಂದುಕೊಂಡಿದ್ದೆ. ಹೊಸದೊಂದು ಹಾಕಿದ, ನಲ್ಲಿಯನ್ನು ಗೋಡೆಗೆ ಕೂರಿಸಿದ, ಏರೇಟರನ್ನು ನನ್ನ ಜೇಬಿಗೆ ಹಾಕಿದ. ನೀರು ಸಿಂಕಿಗೆ ದಬದಬ ಬಿತ್ತು. ಮಜೂರಿ ಮುನ್ನೂರು, ವಾಷರಿನದ್ದು ಲೆಕ್ಕಕ್ಕಿಲ್ಲ.

ಹಂಸ ಈಗ ಬೆಂಗಳೂರಿನಲ್ಲಿದೆ. ಭಾವಮೈದುನ ಇರುವುದು ಅಪಾರ್ಟ್‌ಮೆಂಟಿನ ಎರಡನೇ ಮಹಡಿ, ಟ್ಯಾಂಕ್ ಇರುವುದು ಹತ್ತನೆಯದರ ಮೇಲೆ. "ಭಾವ, ಎಂಥಾ ಫೋರ್ಸು! ನೊರೆ ಅಂದ್ರೆ ನೊರೆ! ಇಷ್ಟು ಖರ್ಚು ಯಾಕೆ ಮಾಡ್ಲಿಕ್ಕೆ ಹೋದ್ರಿ?" ಎಂದು ಫೋನ್ ಮಾಡಿದ್ದ. ನಿನಗಿಂತ ಹೆಚ್ಚಾ ಎಂದೆ. ಪಕ್ಕದಲ್ಲಿ ಕೂತಿದ್ದವಳು ಕೆಮ್ಮಿದಳು.

ಇತ್ತ ನಮ್ಮ ಹಿತ್ತಾಳೆಯ ರಭಸ ಸ್ವಲ್ಪ ಹೆಚ್ಚೇ ಆಯಿತು. ಸೌಟಿನ ಬೆನ್ನಿಗೆ ಬಿದ್ದ ನೀರು ನೇರ ಎದೆಗೆ ಹಾರುತ್ತದೆ. ಹೆಂಡತಿ ಈ ಸಲ ನನ್ನ ಸಲಹೆ ಕೇಳಲಿಲ್ಲ. ಮೆತ್ತಗಿನ ಬಿಳಿ ಬಟ್ಟೆಯ ತುಂಡೊಂದನ್ನು ನಲ್ಲಿಯ ಮೂತಿಗೆ ಸುತ್ತಿ ದಾರದಿಂದ ಬಿಗಿದು ಕಟ್ಟಿದಳು. ನೀರು ತಣ್ಣಗೆ, ಸದ್ದಿಲ್ಲದೆ, ಬೇಕಾದಷ್ಟು ಇಳಿಯತೊಡಗಿತು. ನಾನು ಮೆಚ್ಚಿಕೊಂಡು ನೋಡುತ್ತಾ ನಿಂತೆ. ಬಟ್ಟೆಗೆ ಹಸಿರು ಅಂಚಿತ್ತು. ರಾತ್ರಿ ಸ್ನಾನ ಮುಗಿಸಿ ಬಚ್ಚಲಿನ ಬಾಗಿಲ ಸಂದಿಯಿಂದ ಕೈ ಚಾಚಿ ಹಗ್ಗದ ಮೇಲೆ ಪಂಚೆಗಾಗಿ ತಡಕಾಡಿದಾಗ ಅರ್ಧವೇ ಸಿಕ್ಕಿತು.