ಆಲೂಗಡ್ಡೆ ಊರಿಂದ ಆಲೂಗಡ್ಡೆ ದೇಶಕ್ಕೆ

ಹಾಸನ ಜಿಲ್ಲೆಯ ಅರಕಲಗೂಡಿನ ಹುಡುಗ ಎಂಎಸ್ಸಿ ಓದಲು ಐರ್ಲೆಂಡಿನ ಗಾಲ್ವೇ ನಗರಕ್ಕೆ ಹೊರಟರೆ ಮನೆಯವರು ಊರಿಗೆಲ್ಲ ‘ಫಾರಿನ್’ ಎಂದು ಸಾರುತ್ತಾರೆ. 2022ರ ಗಣತಿ ಪ್ರಕಾರ ಆ ಫಾರಿನ್ನಿನಲ್ಲಿರುವುದು ಸುಮಾರು 85 ಸಾವಿರ ಜನ. ಹಾಸನ ನಗರ 2011ರಲ್ಲೇ ಲಕ್ಷ ದಾಟಿ ಕೂತಿತ್ತು. ಈ ಲೆಕ್ಕವನ್ನು ಚನ್ನರಾಯಪಟ್ಟಣದ ಅತ್ತೆಯ ಕಿವಿಗೆ ಯಾರೂ ಹಾಕುವುದಿಲ್ಲ. ಮುಂದೆ ಹೆಣ್ಣು ನೋಡುವ ಕಾಲಕ್ಕೆ ತೊಡಕಾದೀತು.

ಅವನು ಸೇರುವ ಕಾಲೇಜೇನೋ ಹಳೆಯದು, 1845ರ ಸ್ಥಾಪನೆ. ಅದೇ ವರ್ಷ ಐರ್ಲೆಂಡಿನ ಆಲೂಗಡ್ಡೆಗೆ ಅಂಗಮಾರಿ ರೋಗ ಬಡಿದು ಮಹಾಕ್ಷಾಮ ಶುರುವಾಯಿತು. ಅಂಗಮಾರಿಯ ಕಥೆಯನ್ನು ಹಾಸನದ ರೈತರಿಗೆ ಬಿಡಿಸಿ ಹೇಳಬೇಕಿಲ್ಲ, ಅವರೂ ಏಟು ತಿಂದವರೇ.

“ಅಲ್ಲಿ ತಿನ್ನೋಕೆ ಏನ್ ಸಿಗುತ್ತೋ ಮಗಾ?” ಹೊಳೆನರಸೀಪುರದ ಅಜ್ಜಿಯ ಆತಂಕ.

“ಆಲೂಗಡ್ಡೆ ಅಜ್ಜಿ.”

“ಅದಕ್ಕೆ ಅಷ್ಟು ದೂರ ಯಾಕೋ ಹೋಗ್ಬೇಕು?”

ಆದರೂ ಅಜ್ಜಿ ಸೂಟ್‌ಕೇಸಿಗೆ ಸಾರಿನಪುಡಿ, ರಾಗಿಹಿಟ್ಟು ತುರುಕಿ, ಮೇಲೊಂದು ಕೊಡೆ ಇಡುತ್ತಾರೆ. ರಾಗಿಹಿಟ್ಟು ಬಾಳಿಕೆ ಬರುತ್ತದೆ. ಕೊಡೆ ಮಾತ್ರ ಅಟ್ಲಾಂಟಿಕ್ ಗಾಳಿಗೆ ಮೊದಲ ವಾರವೇ ಮಗುಚಿ, ಕಡ್ಡಿಗಳನ್ನೆಲ್ಲ ಆಕಾಶಕ್ಕೆ ತೋರಿಸಿ ನಿಲ್ಲುತ್ತದೆ. ಅಲ್ಲಿ ಮಳೆ ಮೇಲಿಂದ ಬೀಳುವುದಕ್ಕಿಂತ ಅಡ್ಡಡ್ಡ ಬರುವುದೇ ಹೆಚ್ಚು. ಸಕಲೇಶಪುರದ ಮಳೆ ಕಂಡವನೆಂದು ಬೀಗುತ್ತಿದ್ದವನು ಕಾರಿಬ್ ನದಿಯ ಸೇತುವೆ ಮೇಲೆ ಟೋಪಿ ಹಿಡಿದು ಓಡುತ್ತಾನೆ. ಸಂಜೆ ವಿಡಿಯೋ ಕಾಲ್‌ನಲ್ಲಿ ಅಜ್ಜಿಯ ಮೊದಲ ಪ್ರಶ್ನೆ: “ಕೊಡೆ ಒಣಗಿಸಿದ್ಯೇನೋ?”